ಡಿಕ್ಕಿಗೂ ಎಸಿ ಬರುವ ಕಾರು: ಐಷಾರಾಮಿ ಸ್ಟೇಷನ್ ವ್ಯಾಗನ್ ಒಳಗೆ ಏನೇನಿದೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನುವವರಿಗಾಗಿ ಈ ಬರಹ. ವಿಡಿಯೋದಲ್ಲಿ ಆಡಿದ ಮಾತುಗಳನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ಅಲ್ಲಿ ಹೇಳೋಕೆ ಆಗದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಠಾಣೆಯಲ್ಲಿರುವ ನಮ್ಮ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯಿಂದ ಈ ಕಂತು ಹುಟ್ಟಿತು. ಅವರ ತಂದೆಗೆ ಮೊಣಕಾಲಿನ ಆಪರೇಷನ್ ಆಗಿದೆ, ವರ್ಷಕ್ಕೆ ಮೂರು ಸಲ ಊರಿಗೆ ಹೋಗಬೇಕು. ಮನೆಯವರೆಲ್ಲ ದೊಡ್ಡ ಎಸ್‌ಯುವಿ ತಗೊಳ್ಳಿ ಅಂತಾರೆ. ಅವರಿಗೆ ಮಾತ್ರ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ನೋಡಿದ ಒಂದು ವೋಲ್ವೋ ಸ್ಟೇಷನ್ ವ್ಯಾಗನ್ ಮನಸ್ಸಿನಿಂದ ಹೋಗ್ತಾ ಇಲ್ಲ. "ಸರ್, ಇದು ಬರೀ ನೋಡೋಕೆ ಚೆಂದವೋ, ಬಳಸೋಕೂ ಚೆಂದವೋ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕೂರುವುದು, ಇಳಿಯುವುದು, ಸಾಮಾನು ತುಂಬುವುದು, ಬೆನ್ನು ನೋಯದೆ ಊರು ತಲುಪುವುದು, ಇವಿಷ್ಟನ್ನೇ ಇವತ್ತು ನೋಡೋಣ. ಇಂಜಿನ್, ವೇಗ, ಅವೆಲ್ಲ ಬೇರೆ ಚಾನೆಲ್‌ಗಳಲ್ಲಿ ಬೇಕಾದಷ್ಟಿವೆ.

ಮೊದಲು ಸ್ಟೇಷನ್ ವ್ಯಾಗನ್ ಅಂದರೆ ಏನು ಅಂತ ಹೇಳಿಬಿಡ್ತೇನೆ. ಸೆಡಾನ್ ಕಾರಿನ ಚಾವಣಿಯನ್ನು ಹಿಂದಿನ ಬಂಪರಿನವರೆಗೂ ಎಳೆದು, ಅಲ್ಲೊಂದು ಮೇಲಕ್ಕೆ ತೆರೆಯುವ ಬಾಗಿಲು ಇಟ್ಟರೆ ವ್ಯಾಗನ್ ಆಯಿತು. ಅಮೆರಿಕದಲ್ಲಿ ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಸಾಗಿಸುತ್ತಿದ್ದ ಗಾಡಿಗೆ ಬಂದ ಹೆಸರು ಅದು. ಬ್ರಿಟನ್ನಿನಲ್ಲಿ ಇದನ್ನೇ ಎಸ್ಟೇಟ್ ಅಂತಾರೆ, ಆಡಿ ಕಂಪನಿ ಅವಾಂತ್ ಅನ್ನುತ್ತೆ, ಬಿಎಂಡಬ್ಲ್ಯು ಟೂರಿಂಗ್ ಅನ್ನುತ್ತೆ. ವೋಲ್ವೋ 1953ರಲ್ಲಿ ತಂದ ತನ್ನ ವ್ಯಾಗನ್ನಿಗೆ ಡ್ಯುಯೆಟ್ ಅಂತ ಹೆಸರಿಟ್ಟಿತ್ತು. ವಾರವೆಲ್ಲ ಕೆಲಸಕ್ಕೆ, ರಜೆಯಲ್ಲಿ ಮನೆಮಂದಿಗೆ, ಒಂದೇ ಗಾಡಿಯಲ್ಲಿ ಎರಡು ಅನ್ನುವ ಅರ್ಥದಲ್ಲಿ.

ನಮ್ಮ ದೇಶಕ್ಕೂ ಇದು ಹೊಸದೇನಲ್ಲ. ಅಂಬಾಸಡರ್ ಎಸ್ಟೇಟ್ ಇತ್ತು. 1992ರಲ್ಲಿ ಟಾಟಾ ಎಸ್ಟೇಟ್ ಬಂತು, 1999ರ ಹೊತ್ತಿಗೆ ಮಾರುತಿ ಬಲೆನೊ ಆಲ್ಟುರಾ, 2004ರಲ್ಲಿ ಟಾಟಾ ಇಂಡಿಗೊ ಮರೀನಾ. ಯಾವುದೂ ಹೆಚ್ಚು ಓಡಲಿಲ್ಲ. ಅಂಬಾಸಡರ್ ಎಸ್ಟೇಟನ್ನು ನಾವು ಹೆಚ್ಚಾಗಿ ನೋಡಿದ್ದು ಆಂಬ್ಯುಲೆನ್ಸ್ ಆಗಿ. ಹಾಗಾಗಿ ಉದ್ದ ಬೆನ್ನಿನ ಕಾರು ಅಂದರೆ ನಮ್ಮ ಹಿರಿಯರಿಗೆ ಈಗಲೂ ಒಂದು ಥರ ಅಪಶಕುನ. ನನ್ನ ತಾಯಿಯೇ ಮೊದಲ ಸಲ ನೋಡಿ "ಏನಪ್ಪಾ, ಯಾರಿಗೆ ಆರಾಮ ಇಲ್ಲ?" ಅಂದಿದ್ದರು.

ನಾನು ಮಾತಾಡ್ತಾ ಇರುವುದು ಎರಡು ಗಾಡಿಗಳ ಬಗ್ಗೆ. ಒಂದು ವೋಲ್ವೋ ವಿ90 ಕ್ರಾಸ್ ಕಂಟ್ರಿ. 2017ರ ಜುಲೈನಲ್ಲಿ ಭಾರತಕ್ಕೆ ಬಂತು, ಆಗ ಶೋರೂಂ ಬೆಲೆ 60 ಲಕ್ಷ ರೂಪಾಯಿ. ಇನ್ನೊಂದು ಮರ್ಸಿಡಿಸ್ ಇ-ಕ್ಲಾಸ್ ಆಲ್-ಟೆರೇನ್, 2018ರಲ್ಲಿ 75 ಲಕ್ಷಕ್ಕೆ ಬಂತು. ಪುಣೆಯ ನಮ್ಮ ಬಳಗದವರೊಬ್ಬರ ಹತ್ತಿರ ಮೊದಲನೆಯದು ಇದೆ. ಅದರಲ್ಲಿ ಪುಣೆಯಿಂದ ಧಾರವಾಡಕ್ಕೆ, ಅಂದರೆ ಸುಮಾರು 420 ಕಿಲೋಮೀಟರು, ತಾಯಿಯನ್ನು ಕೂರಿಸಿಕೊಂಡು ಹೋಗಿಬಂದಿದ್ದೇನೆ. ಮರ್ಸಿಡಿಸ್ಸನ್ನು ಊರೊಳಗೆ ಅರ್ಧ ದಿನ ಓಡಿಸಿದ್ದೇನೆ ಅಷ್ಟೆ, ಆದ್ದರಿಂದ ಅದರ ಬಗ್ಗೆ ಕಡಿಮೆ ಮಾತು.

ಈಗ ಮೊಣಕಾಲಿನ ವಿಷಯಕ್ಕೆ ಬರೋಣ, ಯಾಕೆಂದರೆ ಇದೇ ಮುಖ್ಯ. ವಯಸ್ಸಾದವರು ಕಾರು ಹತ್ತುವುದನ್ನು ಒಂದು ಸಲ ಗಮನ ಕೊಟ್ಟು ನೋಡಿ. ಅವರು ಕಾಲು ಮುಂದಿಟ್ಟು ಹತ್ತುವುದಿಲ್ಲ. ಮೊದಲು ಸೀಟಿಗೆ ಬೆನ್ನು ಮಾಡಿ ಕೂರುತ್ತಾರೆ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳುತ್ತಾರೆ. ಹೀಗೆ ಕೂರೋಕೆ ಸೀಟು ಮೊಣಕಾಲಿನ ಎತ್ತರಕ್ಕೋ ಅದಕ್ಕಿಂತ ತುಸು ಮೇಲೋ ಇರಬೇಕು. ಸೆಡಾನ್ ಸೀಟು ತೀರ ಕೆಳಗೆ. ಕೂರುವಾಗ ಧಪ್ಪೆಂದು ಬೀಳಬೇಕು, ಏಳುವಾಗ ಪೂರ್ತಿ ಭಾರ ಮೊಣಕಾಲಿಗೆ. ದೊಡ್ಡ ಎಸ್‌ಯುವಿಯಲ್ಲಿ ತೊಂದರೆ ಉಲ್ಟಾ: ಸೀಟು ಸೊಂಟಕ್ಕಿಂತ ಮೇಲಿರುತ್ತೆ, ಪಕ್ಕದ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು ಇಡೀ ಮೈಯನ್ನು ಎತ್ತಬೇಕು. ಆಪರೇಷನ್ ಆದ ಕಾಲಿಗೆ ಇದೇ ಕಷ್ಟದ ಕೆಲಸ. ಇಳಿಯುವಾಗಲಂತೂ ಕಾಲಿಗೆ ನೆಲ ಸಿಗೋದೇ ಇಲ್ಲ, ಜಾರಿಕೊಂಡು ಇಳಿಯಬೇಕು.

ಕ್ರಾಸ್ ಕಂಟ್ರಿ, ಆಲ್-ಟೆರೇನ್ ಅನ್ನುವ ಈ ಜಾತಿಯ ವ್ಯಾಗನ್‌ಗಳು ಇವೆರಡರ ನಡುವೆ ನಿಲ್ಲುತ್ತವೆ. ವಿ90 ಕ್ರಾಸ್ ಕಂಟ್ರಿಯ ಹೊಟ್ಟೆ ನೆಲದಿಂದ 210 ಮಿಲಿಮೀಟರ್ ಮೇಲಿದೆ, ಮಾಮೂಲಿ ವಿ90 ವ್ಯಾಗನ್ನಿಗಿಂತ ಸುಮಾರು 60 ಮಿಲಿಮೀಟರ್ ಹೆಚ್ಚು. ಹೊಟ್ಟೆ ಎಷ್ಟು ಮೇಲೆ ಹೋಯಿತೋ ಸೀಟೂ ಅಷ್ಟೇ ಮೇಲೆ ಹೋಯಿತು. ಆದರೆ ಒಟ್ಟು ಎತ್ತರ ಸುಮಾರು 1.54 ಮೀಟರ್ ಮಾತ್ರ, ಫಾರ್ಚ್ಯೂನರ್ 1.83 ಮೀಟರಿಗಿಂತ ಹೆಚ್ಚು. ತಾಯಿ ಇದರಲ್ಲಿ ಕೂತಿದ್ದು ಮನೆಯ ಸೋಫಾದಲ್ಲಿ ಕೂತ ಹಾಗೆ. ಕೊಲ್ಹಾಪುರದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ನಾನು ಆ ಕಡೆಯಿಂದ ಬರುವಷ್ಟರಲ್ಲಿ ತಾವೇ ಇಳಿದು ನಿಂತಿದ್ದರು. "ಹತ್ತೂದು ಇಳಿಯೂದು ಆರಾಮ ಐತಿ ನೋಡು ಇದ್ರಾಗ" ಅಂದರು. ನನ್ನ ಮಟ್ಟಿಗೆ ಇಡೀ ಕಾರಿನ ದೊಡ್ಡ ಸೌಲಭ್ಯ ಇದೇ, ಮತ್ತೆ ಇದು ಯಾವ ಬ್ರೋಷರಿನಲ್ಲೂ ಬರೆದಿರಲ್ಲ.

ಒಂದು ಎಚ್ಚರಿಕೆ. ಮುಂದಿನ ಸೀಟನ್ನು ಮೋಟರಿನಿಂದ ಮೇಲೆ ಕೆಳಗೆ ಮಾಡಬಹುದು, ಹಿಂದಿನದನ್ನು ಆಗಲ್ಲ. ಆದ್ದರಿಂದ ಮೊಣಕಾಲು ನೋವಿನವರನ್ನು ಮುಂದೆ, ಡ್ರೈವರ್ ಪಕ್ಕದಲ್ಲೇ ಕೂರಿಸಿ. "ಹಿರಿಯರು ಹಿಂದೆ ಆರಾಮಾಗಿ ಕೂರಲಿ" ಅನ್ನೋದು ನಮ್ಮ ಸಂಪ್ರದಾಯ, ಸರಿ. ಆದರೆ ಮುಂದಿನ ಬಾಗಿಲು ದೊಡ್ಡದು, ಕಾಲು ಚಾಚೋಕೆ ಜಾಗ ಹೆಚ್ಚು.

ಇನ್ನು ಸೀಟು. ವೋಲ್ವೋ ಸೀಟುಗಳಿಗೆ ಹೆಸರಿದೆ, ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಮೆತ್ತಗಿರುವುದೇ ಒಳ್ಳೆಯ ಸೀಟು ಅಂತ ನಮ್ಮಲ್ಲಿ ಒಂದು ನಂಬಿಕೆ. ಮೆತ್ತನೆಯ ಸೀಟಿನಲ್ಲಿ ಮೊದಲ ಅರ್ಧ ಗಂಟೆ ಸುಖ, ಆಮೇಲೆ ಸೊಂಟ ಕೆಳಗಿಳಿದು ಬೆನ್ನು ಬಿಲ್ಲಿನ ಹಾಗೆ ಬಾಗುತ್ತೆ. ಒಳ್ಳೆಯ ಸೀಟು ಮೊದಲಿಗೆ ತುಸು ಗಟ್ಟಿ ಅನ್ನಿಸಬೇಕು. ಇದರಲ್ಲಿ ಎರಡು ಸವಲತ್ತು ನಿಜವಾಗಿ ಕೆಲಸಕ್ಕೆ ಬರ್ತವೆ. ಒಂದು, ಸೊಂಟದ ಹತ್ತಿರದ ಆಸರೆಯನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಹೊಂದಿಸಬಹುದು. ಇನ್ನೊಂದು, ತೊಡೆಯ ಕೆಳಗಿನ ಕುಶನ್ನನ್ನು ಮುಂದಕ್ಕೆ ಎಳೆಯಬಹುದು. ಎತ್ತರದವರಿಗೆ ತೊಡೆಯ ಅರ್ಧ ಭಾಗ ಗಾಳಿಯಲ್ಲಿ ತೂಗಾಡ್ತಾ ಇದ್ದರೆ ಆ ಭಾರವೆಲ್ಲ ಕುಂಡೆಯ ಮೂಳೆಗೆ ಹೋಗುತ್ತೆ, ಮೂರು ತಾಸಿನ ನಂತರ ಅದು ಗೊತ್ತಾಗುತ್ತೆ. ಸೀಟಿನೊಳಗಿಂದ ಗಾಳಿ ಬರುವ ವ್ಯವಸ್ಥೆಯೂ ಇದೆ. ಚೆನ್ನೈ, ಹೈದರಾಬಾದಿನವರಿಗೆ ಇದು ಐಷಾರಾಮ ಅಲ್ಲವೇ ಅಲ್ಲ. ಚರ್ಮದ ಸೀಟು, ಮೇ ತಿಂಗಳ ಬಿಸಿಲು ಎರಡೂ ಸೇರಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಮಸಾಜ್ ಕೂಡ ಇದೆ. ತಾಯಿ ಹತ್ತು ನಿಮಿಷ ನಕ್ಕು, "ಗುದ್ದಿದಂಗ ಆಗ್ತದ, ಬಂದ್ ಮಾಡು" ಅಂದರು. ಮುಗೀತು ಅದರ ಕಥೆ.

ಹಿಂದಿನ ಸೀಟು ನಿಜ ಹೇಳಬೇಕೆಂದರೆ ಇಬ್ಬರಿಗೆ. ಚಕ್ರಗಳ ನಡುವಿನ ಅಂತರ 2.94 ಮೀಟರ್ ಇರುವುದರಿಂದ ಕಾಲಿಗೆ ಧಾರಾಳ ಜಾಗ. ಆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ನಡುವೆ ಹಾದುಹೋಗಬೇಕು. ಅದಕ್ಕೆ ನೆಲದ ಮಧ್ಯೆ ದೊಡ್ಡ ದಿಬ್ಬ ಇದೆ. ನಡುವೆ ಕೂತವರು ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ ಇಟ್ಟು ಕೂರಬೇಕು. ಐದು ಜನರ ಮನೆಯವರು ಇದನ್ನು ಕೂತು ನೋಡಿಯೇ ತೀರ್ಮಾನ ಮಾಡಿ. ಹಿಂದಿನವರಿಗೆ ಎಸಿ ಗಾಳಿ ಎರಡು ಬಾಗಿಲುಗಳ ನಡುವಿನ ಕಂಬದಿಂದಲೂ ಬರುತ್ತೆ. ಬರೀ ಮಧ್ಯದ ಪೆಟ್ಟಿಗೆಯಿಂದ ಬರುವ ಗಾಳಿ ಮೊಣಕಾಲಿಗೆ ಹೊಡೆಯುತ್ತೆ, ಇದು ಮುಖ, ಎದೆಯ ಮಟ್ಟಕ್ಕೆ ಬರುತ್ತೆ. ಸಣ್ಣ ವಿಷಯ, ದೊಡ್ಡ ವ್ಯತ್ಯಾಸ.

ಈಗ ಡಿಕ್ಕಿ. ವ್ಯಾಗನ್ ಅಂದರೆ ಡಿಕ್ಕಿಯೇ ಅಲ್ವಾ.

ವೋಲ್ವೋದ್ದು 560 ಲೀಟರ್, ಹಿಂದಿನ ಸೀಟು ಮಡಚಿದರೆ 1526 ಲೀಟರ್. ಮರ್ಸಿಡಿಸ್ಸಿನದ್ದು 640, ಮಡಚಿದರೆ 1820 ಲೀಟರ್. ಲೀಟರ್ ಅಂದರೆ ನೀರು ತುಂಬಿ ಅಳೆಯುತ್ತಾರಾ ಅಂತ ಒಬ್ಬರು ಕೇಳಿದ್ದರು. ಇಲ್ಲ. ಯುರೋಪಿನ ಕಂಪನಿಗಳು ಹೆಚ್ಚಾಗಿ ಬಳಸುವ ಜರ್ಮನ್ ಪದ್ಧತಿಯಲ್ಲಿ 200, 100, 50 ಮಿಲಿಮೀಟರ್ ಅಳತೆಯ, ಅಂದರೆ ಒಂದೊಂದೂ ಸರಿಯಾಗಿ ಒಂದು ಲೀಟರಿನ ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ ಎಣಿಸುತ್ತಾರೆ. ಸಂದಿಗೊಂದಿಯಲ್ಲಿ ತುಂಡು ಹಿಡಿಸದಿದ್ದರೆ ಅದು ಲೆಕ್ಕಕ್ಕಿಲ್ಲ. ಇಲ್ಲೊಂದು ಮೋಸವೂ ಇದೆ ನೋಡಿ. ಕೆಲವರು ಕಿಟಕಿಯ ಮಟ್ಟದವರೆಗೆ ಅಳೆಯುತ್ತಾರೆ, ಕೆಲವರು ಚಾವಣಿಯವರೆಗೆ. ಹಾಗಾಗಿ ಒಂದು ಕಾರಿನ ಅಂಕಿಯನ್ನು ಇನ್ನೊಂದರ ಜೊತೆ ಇಟ್ಟು ನೋಡುವ ಮೊದಲು ಎಲ್ಲಿಯವರೆಗೆ ಅಳೆದಿದ್ದು ಅಂತ ಕೇಳಿ.

ಅಂಕಿಗಿಂತ ಆಕಾರ ಮುಖ್ಯ ಅಂತ ನನ್ನ ಅಭಿಪ್ರಾಯ. ಸೆಡಾನ್ ಡಿಕ್ಕಿಯಲ್ಲೂ 500 ಲೀಟರ್ ಸಿಗುತ್ತೆ, ಆದರೆ ಬಾಯಿ ಸಣ್ಣದು. ದೊಡ್ಡ ಸೂಟ್‌ಕೇಸ್ ಒಳಗೆ ಜಾಗ ಇದ್ದರೂ ಬಾಯಲ್ಲಿ ಸಿಕ್ಕಿಕೊಳ್ಳುತ್ತೆ. ಏಳು ಸೀಟಿನ ಎಸ್‌ಯುವಿಯಲ್ಲಿ ಮೂರನೇ ಸಾಲಿನಲ್ಲಿ ಜನ ಕೂತರೆ ಹಿಂದೆ ಉಳಿಯೋದು ಎರಡು ಬ್ಯಾಗಿನ ಜಾಗ, ಉಳಿದಿದ್ದೆಲ್ಲ ಕ್ಯಾರಿಯರ್ ಮೇಲೆ. ವ್ಯಾಗನ್ನಿನಲ್ಲಿ ನೆಲ ಸಪಾಟು, ಉದ್ದ ಹೆಚ್ಚು, ಬಾಯಿ ಪೂರ್ತಿ ಅಗಲ. ಅದಕ್ಕಿಂತ ಮುಖ್ಯವಾಗಿ, ಸಾಮಾನು ಎತ್ತಿಡಬೇಕಾದ ಅಂಚು ಎಸ್‌ಯುವಿಗಿಂತ ಕೆಳಗಿದೆ. ಊರಿಂದ ವಾಪಸ್ ಬರುವಾಗ ನಾವು ತರೋದು ಏನು ಹೇಳಿ? ಒಂದು ಚೀಲ ಅಕ್ಕಿ, ಒಂದು ಚೀಲ ಜೋಳ, ಹತ್ತು ತೆಂಗಿನಕಾಯಿ, ಖಡಕ್ ರೊಟ್ಟಿಯ ಡಬ್ಬ, ಶೇಂಗಾ ಚಟ್ನಿ, ಪೇಡೆ. 25 ಕಿಲೋ ಚೀಲವನ್ನು ಎದೆಯ ಮಟ್ಟಕ್ಕೆ ಎತ್ತೋದಕ್ಕೂ ತೊಡೆಯ ಮಟ್ಟಕ್ಕೆ ಎತ್ತೋದಕ್ಕೂ ಎಷ್ಟು ವ್ಯತ್ಯಾಸ ಅಂತ ಐವತ್ತು ದಾಟಿದ ಸೊಂಟಕ್ಕೆ ಚೆನ್ನಾಗಿ ಗೊತ್ತು.

ಎರಡೂ ಕೈ ತುಂಬಿದ್ದಾಗ ಬಂಪರ್ ಕೆಳಗೆ ಕಾಲು ಆಡಿಸಿದರೆ ಬಾಗಿಲು ತಾನೇ ತೆರೆಯುತ್ತೆ. ವೋಲ್ವೋದಲ್ಲಿ ನೆಲದ ಹಲಗೆಯೊಂದನ್ನು ಎತ್ತಿ ನಿಲ್ಲಿಸಿದರೆ ಅದರಲ್ಲಿ ಚೀಲ ಸಿಕ್ಕಿಸುವ ಕೊಕ್ಕೆಗಳಿವೆ, ಮಾರ್ಕೆಟ್ಟಿಂದ ತಂದ ಟೊಮೆಟೊ ಉರುಳಿ ಹೋಗಲ್ಲ. ಮರ್ಸಿಡಿಸ್ಸಿನಲ್ಲಿ ಹಿಂದಿನ ಸೀಟು 40, 20, 40 ಅಂತ ಮೂರು ತುಂಡಾಗಿ ಮಡಚುತ್ತೆ. ನಡುವಿನ 20ನ್ನು ಮಾತ್ರ ಮಡಚಿ ಉದ್ದದ ಸಾಮಾನು, ತಂಬೂರಿಯನ್ನೇ ಅನ್ನಿ, ಒಳಗೆ ಚಾಚಿ, ಎರಡೂ ಪಕ್ಕ ಇಬ್ಬರು ಕೂರಬಹುದು. ಬೆನ್ನಿನ ಭಾಗವನ್ನು ಹತ್ತು ಡಿಗ್ರಿ ನೆಟ್ಟಗೆ ಮಾಡಿ ಮತ್ತೆ 30 ಲೀಟರ್ ಜಾಗ ಮಾಡಿಕೊಳ್ಳುವ ಉಪಾಯವೂ ಅದರಲ್ಲಿದೆ. ಜರ್ಮನ್ನರು ವ್ಯಾಗನ್ನನ್ನು ಎಷ್ಟು ಗಂಭೀರವಾಗಿ ತಗೊಂಡಿದ್ದಾರೆ ಅಂತ ಇಂಥ ಕಡೆ ಗೊತ್ತಾಗುತ್ತೆ.

ಶೀರ್ಷಿಕೆಯಲ್ಲಿ ಹೇಳಿದ್ದು ಈಗ. ಸೆಡಾನ್ ಡಿಕ್ಕಿ ಬಿಸಿಲಿಗೆ ಒಲೆಯಾಗುತ್ತೆ. ವ್ಯಾಗನ್ನಿನಲ್ಲಿ ಡಿಕ್ಕಿ ಬೇರೆ ಕೋಣೆಯಲ್ಲ, ನೀವು ಕೂತಿರುವ ಕೋಣೆಯ ಹಿಂದಿನ ಮೂಲೆ ಅಷ್ಟೆ. ಹಾಗಾಗಿ ಎಸಿ ಅಲ್ಲಿಗೂ ಹೋಗುತ್ತೆ. ಧಾರವಾಡದಲ್ಲಿ ಕಟ್ಟಿಸಿದ ಪೇಡೆ, ಅಲ್ಲಿಯದೇ ಆಪೂಸ್ ಮಾವು, ಪುಣೆಯವರೆಗೆ ಬಾಡದೆ ಬಂದವು. ಇದಕ್ಕೊಂದು ಇನ್ನೊಂದು ಮುಖ ಇದೆ: ವಾಸನೆಯೂ ಮುಂದೆ ಬರುತ್ತೆ. ಹಲಸಿನ ಹಣ್ಣು, ಒಣಮೀನು ತರುವ ಕರಾವಳಿಯ ಸ್ನೇಹಿತರು ಬಿಗಿಯಾದ ಡಬ್ಬ ಇಟ್ಟುಕೊಳ್ಳಿ.

ಸದ್ದಿನದ್ದೂ ಇದೇ ಕಥೆ. ಸೆಡಾನ್‌ನಲ್ಲಿ ಹಿಂದಿನ ಸೀಟಿನ ಬೆನ್ನು, ಅದರ ಮೇಲಿನ ಹಲಗೆ ಸೇರಿ ಒಂದು ಗೋಡೆ ಇರುತ್ತೆ, ಟೈರಿನ ಸದ್ದು ಗೋಡೆಯ ಆಚೆಗೇ ನಿಲ್ಲುತ್ತೆ. ವ್ಯಾಗನ್ನಿನಲ್ಲಿ ಆ ಗೋಡೆ ಇಲ್ಲ, ಉದ್ದದ ಪೆಟ್ಟಿಗೆ ತಂಬೂರಿಯ ಬುರುಡೆಯ ಹಾಗೆ ಗುಂಯ್‌ಗುಡುತ್ತೆ. ಅಗ್ಗದ ವ್ಯಾಗನ್‌ಗಳು ಇಲ್ಲೇ ಸೋಲುತ್ತಿದ್ದವು. ದುಬಾರಿ ಗಾಡಿಯಲ್ಲಿ ನಿಮ್ಮ ದುಡ್ಡು ಹೋಗುವ ಒಂದು ದಾರಿ ಇದು: ದಪ್ಪ ಕಾರ್ಪೆಟ್, ಚಕ್ರದ ಗೂಡಿನೊಳಗೆ ಸದ್ದು ಹೀರುವ ಲೈನಿಂಗ್, ಬಾಗಿಲಿಗೆ ಎರಡೆರಡು ರಬ್ಬರ್ ಪಟ್ಟಿ. ಆದರೂ ಸಿಮೆಂಟ್ ರಸ್ತೆಯಲ್ಲಿ ಹಿಂದಿನಿಂದ ಒಂದು ಸಣ್ಣ ಗುನುಗು ಕೇಳೇ ಕೇಳುತ್ತೆ.

ಸುರಕ್ಷತೆಯ ಒಂದು ವಿಷಯ ಬಿಡುವ ಹಾಗಿಲ್ಲ. ಗೋಡೆ ಇಲ್ಲ ಅಂದೆನಲ್ಲ, ಅಂದರೆ ಜೋರಾಗಿ ಗುದ್ದಿದರೆ ಸಾಮಾನು ಮುಂದೆ ಹಾರಿ ಬರುತ್ತೆ. ಲೆಕ್ಕ ಮಾಡಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗುದ್ದಿದಾಗ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಂಡರೆ, ಪ್ರತಿ ವಸ್ತುವೂ ತನ್ನ ತೂಕದ ಸುಮಾರು 14 ಪಟ್ಟು ಬಲದಲ್ಲಿ ಮುಂದೆ ನುಗ್ಗುತ್ತೆ. 20 ಕಿಲೋ ಅಕ್ಕಿ ಚೀಲ ಆ ಕ್ಷಣಕ್ಕೆ 280 ಕಿಲೋ ಭಾರ. ಹಿಂದೆ ಕೂತವರ ಕುತ್ತಿಗೆಗೆ ಅದು ಬಿದ್ದರೆ? ಆದ್ದರಿಂದ ಭಾರದ ಸಾಮಾನು ಯಾವತ್ತೂ ನೆಲದ ಮೇಲೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಡಿ. ಕಿಟಕಿಯ ಮಟ್ಟಕ್ಕಿಂತ ಮೇಲೆ ಪೇರಿಸುವುದಾದರೆ ಸೀಟಿನ ಹಿಂದೆ ಚಾವಣಿಯವರೆಗೆ ಎಳೆದು ಸಿಕ್ಕಿಸುವ ಬಲೆ ಬಳಸಿ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಆ ಬಲೆ ಮಾಯವಾಗಿರುವುದೇ ಹೆಚ್ಚು, ಕೇಳಿ ಪಡೆಯಿರಿ. ಸಾಮಾನು ಮುಚ್ಚುವ ಎಳೆಯುವ ಪರದೆ ಬೇರೆ, ಬಲೆ ಬೇರೆ. ಪರದೆ ಕಳ್ಳರ ಕಣ್ಣು ತಪ್ಪಿಸೋಕೆ ಮಾತ್ರ, ಅದು ಏನನ್ನೂ ತಡೆಯಲ್ಲ.

ಇನ್ನೊಂದು: ಉದ್ದದ ಸಾಮಾನು ಹಾಕಿ ಹಿಂದಿನ ಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸೋದು ನಮ್ಮಲ್ಲಿ ಮಾಮೂಲು. ದಯವಿಟ್ಟು ಮಾಡಬೇಡಿ. ಓಡುವ ವ್ಯಾಗನ್ನಿನ ನೆಟ್ಟನೆಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತೆ. ಹಿಂದಿನ ಗಾಜಿಗೆ ಧೂಳು ಮೆತ್ತಿಕೊಳ್ಳೋದು ಅದರಿಂದಲೇ, ವ್ಯಾಗನ್ನಿಗೆ ಹಿಂದೆ ವೈಪರ್ ಬೇಕಾಗೋದೂ ಅದಕ್ಕೇ. ಬಾಗಿಲು ತೆರೆದಿದ್ದರೆ ಅದೇ ಸುಳಿ ಸೈಲೆನ್ಸರ್ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದೆ ಮಲಗಿದ ಮಗುವಿಗೆ ಏನಾಗ್ತಾ ಇದೆ ಅಂತ ಗೊತ್ತೇ ಆಗಲ್ಲ.

ತುಂಬಿದ ಗಾಡಿ ಹೇಗೆ ಹೋಗುತ್ತೆ ಅಂತ ಸ್ವಲ್ಪ ಹೇಳಿಬಿಡ್ತೇನೆ. ಸಾಮಾನ್ಯ ಸ್ಪ್ರಿಂಗ್ ಇರುವ ಕಾರಿಗೆ ಹಿಂದೆ 150 ಕಿಲೋ ಹಾಕಿದರೆ ಬೆನ್ನು ಕುಸಿದು ಮೂಗು ಮೇಲೇಳುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ಹಂಪ್‌ನಲ್ಲಿ ಹೊಟ್ಟೆ ತಾಗುತ್ತೆ. ಗಾಳಿಯ ಸಸ್ಪೆನ್ಷನ್ ಇದ್ದರೆ ಅದು ಭಾರ ನೋಡಿಕೊಂಡು ಗಾಳಿ ತುಂಬಿ ಮಟ್ಟ ಸರಿ ಮಾಡುತ್ತೆ. ಆಲ್-ಟೆರೇನ್‌ನಲ್ಲಿ ನಾಲ್ಕೂ ಚಕ್ರಕ್ಕೆ ಇದೇ ವ್ಯವಸ್ಥೆ. ಎತ್ತರದ ಎಸ್‌ಯುವಿಯಂತೆ ತಿರುವುಗಳಲ್ಲಿ ಓಲಾಡದೆ ಇರುವುದು ವ್ಯಾಗನ್ನಿನ ಇನ್ನೊಂದು ಗುಣ, ಭಾರವೆಲ್ಲ ಕೆಳಗಿರುತ್ತಲ್ಲ. ಘಟ್ಟದ ದಾರಿಯಲ್ಲಿ ವಾಂತಿ ಬರುವ ಮಕ್ಕಳಿರುವವರಿಗೆ ಇದರ ಬೆಲೆ ಗೊತ್ತು. ತಾಯಿ ನಿಪ್ಪಾಣಿಯವರೆಗೂ ನಿದ್ದೆ ಮಾಡಿದರು, ಅಂಥ ನಿದ್ದೆ ಅವರಿಗೆ ಬೇರೆ ಕಾರಿನಲ್ಲಿ ಬಂದಿದ್ದನ್ನು ನಾನು ನೋಡಿಲ್ಲ.

ಇಷ್ಟವಾಗದ್ದೂ ಇದೆ. ಈ ಕಾಲದ ಬಹಳಷ್ಟು ದುಬಾರಿ ಕಾರುಗಳ ಹಾಗೆ ಇದರಲ್ಲೂ ಎಸಿಯ ಹೆಚ್ಚಿನ ಕೆಲಸವೆಲ್ಲ ನಡುವಿನ ಟಚ್‌ಸ್ಕ್ರೀನ್‌ನಲ್ಲೇ. ಪರದೆ ನೆಟ್ಟಗೆ ನಿಂತ ಒಂಬತ್ತು ಇಂಚಿನದು, ಮ್ಯಾಪ್ ನೋಡೋಕೆ ಚೆಂದ. ಆದರೆ ಫ್ಯಾನ್ ಕಡಿಮೆ ಮಾಡೋಕೆ ರಸ್ತೆಯಿಂದ ಕಣ್ಣು ತೆಗೆಯಬೇಕು. ತಿರುಗಿಸುವ ಗುಂಡಿ ಇದ್ದರೆ ಕೈಯೇ ಹುಡುಕಿಕೊಳ್ಳುತ್ತಿತ್ತು. ತಾಯಿಗಂತೂ ತಮ್ಮ ಕಡೆಯ ತಂಪು ಕಡಿಮೆ ಮಾಡೋಕೆ ಪ್ರತಿ ಸಲ ನನ್ನನ್ನೇ ಕೇಳಬೇಕಾಯಿತು. ಬೋವರ್ಸ್ ಆಂಡ್ ವಿಲ್ಕಿನ್ಸ್ ಸ್ಪೀಕರುಗಳು ಹತ್ತೊಂಬತ್ತು, ಭೀಮಸೇನ ಜೋಶಿಯವರು ಕಾರೊಳಗೇ ಕೂತು ಹಾಡಿದ ಹಾಗಿತ್ತು. ಆ ಬಗ್ಗೆ ದೂರಿಲ್ಲ.

ಠಾಣೆಯ ಗೆಳೆಯರಿಗೆ, ಮತ್ತೆ ಮುಂಬೈಯಲ್ಲಿರುವ ಎಲ್ಲರಿಗೆ, ಒಂದು ಕೆಲಸ ಮಾತ್ರ ಇವತ್ತೇ ಮಾಡಿ ಅಂತ ಹೇಳ್ತೇನೆ. ಟೇಪ್ ತಗೊಂಡು ಸೊಸೈಟಿಯ ಪಾರ್ಕಿಂಗಿಗೆ ಹೋಗಿ. ಈ ಕಾರಿನ ಉದ್ದ ಸುಮಾರು 4.94 ಮೀಟರ್, ಫಾರ್ಚ್ಯೂನರಿಗಿಂತಲೂ ಉದ್ದ. ಒಂದರ ಮೇಲೊಂದು ಕಾರು ನಿಲ್ಲಿಸುವ ಯಂತ್ರದ ಪಾರ್ಕಿಂಗ್ ಇದ್ದರೆ ಎಸ್‌ಯುವಿ ಎತ್ತರದಿಂದ ಫೇಲಾಗುತ್ತೆ, ಇದು ಉದ್ದದಿಂದ ಫೇಲಾಗಬಹುದು. ಹಿಂದಿನ ಬಾಗಿಲು ಮೇಲಕ್ಕೆ ತೆರೆಯೋಕೆ ಗೋಡೆಯಿಂದ ಜಾಗ ಉಳಿಯುತ್ತಾ ಅದನ್ನೂ ನೋಡಿ. ದೆಹಲಿಯವರು 10 ವರ್ಷದ ಡೀಸೆಲ್ ನಿಯಮ ಈಗ ಯಾವ ಸ್ಥಿತಿಯಲ್ಲಿದೆ ಅಂತ ವಿಚಾರಿಸಿಕೊಂಡೇ ಮುಂದುವರಿಯಿರಿ, ಯಾಕೆಂದರೆ ಇಲ್ಲಿ ಬಂದ ವಿ90 ಡೀಸೆಲ್ ಗಾಡಿ. ಗಾಳಿಯ ಸಸ್ಪೆನ್ಷನ್ ಇರುವ ಯಾವುದೇ ಹಳೆಯ ಕಾರನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ ಅಂತ ಅರ್ಥ, ಅದರ ರಿಪೇರಿ ಖರ್ಚು ಕೇಳಿದ ಮೇಲೆಯೇ ಬೆಲೆಯ ಮಾತು.

ಕೊನೆಗೆ, ನೋಡೋಕೆ ಹೋಗುವಾಗ ತಂದೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಐದು ಸಲ ಹತ್ತಿಸಿ, ಐದು ಸಲ ಇಳಿಸಿ. ಮಾರುವವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಅವರು ಯಾರ ಕೈಯನ್ನೂ ಹಿಡಿಯದೆ ಇಳಿದರೆ ನನಗೊಂದು ಮೆಸೇಜ್ ಹಾಕಿ.